ದಾಪ್ ಅನ್ನು, ದಾಪು ಅನ್ನಬೇಡ: ಕೇಳಿ ಕೇಳಿ ಸ್ಕ್ಯಾಟ್ ಕಲಿಯುವ ಬಗೆ

ಬೆಳಗಾವಿಯಲ್ಲಿ ಜುಲೈ ಮಳೆ ಹಿಡಿದರೆ ಬಿಡುವುದಿಲ್ಲ. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಮನೆ ಬಿಟ್ಟು ಹೋಗೋಣವೆಂದರೆ ದಾರಿಯಿಲ್ಲ. ಅಂಥ ಒಂದು ಸಂಜೆ ಟಿಳಕವಾಡಿಯ ನಮ್ಮ ಮನೆಯಲ್ಲಿ ಅಮೆರಿಕದ ಜಾಝ್ ಗಾಯಕಿ ಎಲ್ಲಾ ಫಿಟ್ಸ್‌ಜೆರಾಲ್ಡ್ 1960ರಲ್ಲಿ ಬರ್ಲಿನ್‌ನಲ್ಲಿ ಹಾಡಿದ ಕಛೇರಿಯ ರೆಕಾರ್ಡಿಂಗ್ ಹಚ್ಚಿಕೊಂಡು ಕೂತಿದ್ದೆ. ಹಾಡು 'ಹೌ ಹೈ ದ ಮೂನ್'. ಮೊದಲು ಸ್ವಲ್ಪ ಹೊತ್ತು ಸಾಹಿತ್ಯ ಇರುತ್ತದೆ. ಆಮೇಲೆ ಸಾಹಿತ್ಯ ಮಾಯ. ಐದಾರು ನಿಮಿಷ ಬರೀ ದೂಬಾ, ದೀಬಾ, ಬಪ್, ದ್ಲೀಯಾ. ಒಳಗಿನಿಂದ ತಂಗಿಯ ಮಗಳು ಬಂದು ನಿಂತಳು.

"ಮಾಮಾ, ಈಕಿ ಯಾವ ಭಾಷಾದಾಗ ಹಾಡಾಕತ್ತಾಳ?"

"ಯಾವ ಭಾಷಾನೂ ಅಲ್ಲವಾ. ನೀ ಕ್ಲಾಸಿನ್ಯಾಗ ತರಾನಾ ಹಾಡ್ತೀಯಲ್ಲ, ದಿರ ದಿರ ತೋಂ ಅಂತ, ಅದ್ಯಾವ ಭಾಷಾ?"

ಒಂದು ಗಳಿಗೆ ಸುಮ್ಮನಿದ್ದಳು. "ಹಂಗಾದ್ರ ನಾನೂ ಹಾಡಬಹುದಲ್ಲ?"

ಹಾಡಬಹುದು. ಆದರೆ ತರಾನಾ ಬರುತ್ತದೆ ಅಂದಮಾತ್ರಕ್ಕೆ ಸ್ಕ್ಯಾಟ್ ಬಂದುಬಿಡುವುದಿಲ್ಲ. ನಮಗೆ ಎಲ್ಲಿ ಸುಲಭ, ಎಲ್ಲಿ ಕಾಲು ಜಾರುತ್ತದೆ ಅನ್ನುವುದು ಈ ಒಂದು ವರ್ಷ ಅವಳ ಜೊತೆ ಕೂತು ಕೇಳಿದಾಗ ನನಗೂ ಗೊತ್ತಾಯಿತು.

ಸ್ಕ್ಯಾಟ್ ಅಂದರೆ ಜಾಝ್‌ನಲ್ಲಿ ಗಾಯಕರು ಸಾಹಿತ್ಯ ಬಿಟ್ಟು, ಅರ್ಥವಿಲ್ಲದ ಅಕ್ಷರಗಳಲ್ಲಿ, ಆ ಕ್ಷಣಕ್ಕೆ ಹೊಳೆದ ಧಾಟಿ ಹಾಡುವುದು. ಗಂಟಲು ಅಲ್ಲಿ ವಾದ್ಯದ ಕೆಲಸ ಮಾಡುತ್ತದೆ. ಎಲ್ಲರೂ ಹೇಳುವ ಒಂದು ಕತೆ ಇದೆ. 1926ರ ಫೆಬ್ರವರಿ 26ರಂದು ಶಿಕಾಗೋದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ 'ಹೀಬಿ ಜೀಬೀಸ್' ರೆಕಾರ್ಡ್ ಮಾಡುತ್ತಿದ್ದಾಗ ಸಾಹಿತ್ಯದ ಹಾಳೆ ಕೈಜಾರಿ ಬಿತ್ತಂತೆ. ರೆಕಾರ್ಡಿಂಗ್ ನಿಲ್ಲಿಸುವ ಹಾಗಿಲ್ಲ, ಬಾಯಿಗೆ ಬಂದದ್ದು ಹಾಡಿದರಂತೆ, ಸ್ಕ್ಯಾಟ್ ಹುಟ್ಟಿತಂತೆ. ಕೇಳಲು ಚೆನ್ನಾಗಿದೆ. ನನಗೆ ನಂಬಿಕೆಯಿಲ್ಲ. ರೆಕಾರ್ಡ್ ಕೇಳಿ ನೋಡಿ, ಹಾಳೆ ಬಿದ್ದವರ ಗಾಬರಿ ಆ ದನಿಯಲ್ಲಿ ಇಲ್ಲವೇ ಇಲ್ಲ. ಅದೂ ಅಲ್ಲದೆ 1911ರಲ್ಲೇ ಜೀನ್ ಗ್ರೀನ್ ಅನ್ನುವವರು ಇಂಥದ್ದನ್ನು ರೆಕಾರ್ಡ್ ಮಾಡಿದ್ದರು. ಆದರೆ ಆರ್ಮ್‌ಸ್ಟ್ರಾಂಗ್ ಹಾಡಿದ ಮೇಲೆ ಎಲ್ಲರೂ ಹಾಡತೊಡಗಿದರು ಅನ್ನುವುದು ನಿಜ.

ಇಲ್ಲಿ ಗಮನಿಸಬೇಕಾದದ್ದು ಬೇರೆ. ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ವಾದಕ. ಟ್ರಂಪೆಟ್ ಊದುವವರು ಪ್ರತಿ ಸ್ವರವನ್ನೂ ನಾಲಿಗೆಯಿಂದ ಬಿಡಿಸುತ್ತಾರೆ. ನಾಲಿಗೆ ಹಲ್ಲಿನ ಹಿಂದೆ ತಾಗಿ ಬಿಟ್ಟರೆ ಸ್ವರ ಖಣ್ಣೆಂದು ಶುರು, ತಾಗದೆ ಹೋದರೆ ಮೆತ್ತಗೆ ಶುರು. ಆ 'ತ'ಕಾರ, 'ದ'ಕಾರ ವಾದ್ಯದ ಒಳಗೆ ಹೂತುಹೋಗಿ ನಮಗೆ ಕೇಳಿಸುವುದಿಲ್ಲ. ವಾದ್ಯ ತೆಗೆದು ಬರೀ ಬಾಯಲ್ಲಿ ಹಾಡಿದಾಗ ಅದೇ ಅಕ್ಷರಗಳು ಹೊರಗೆ ಬೀಳುತ್ತವೆ. ತಬಲಾ ಕಲಿಯುವ ಹುಡುಗ ಮೊದಲು ಬಾಯಲ್ಲಿ ಧಾ ಧಿಂ ಧಿಂ ಧಾ ಅನ್ನುತ್ತಾನಲ್ಲ, ಹಾಗೆ. ತಿರಕಿಟಕ್ಕೆ ಅರ್ಥವೇನು ಅಂತ ಯಾರೂ ಕೇಳುವುದಿಲ್ಲ, ಯಾವ ಬೆರಳು ಎಲ್ಲಿ ಬೀಳಬೇಕು ಅನ್ನುವುದೇ ಅದರ ಅರ್ಥ. ಸ್ಕ್ಯಾಟ್‌ನ ಅಕ್ಷರಕ್ಕೂ ಇಂಥದ್ದೇ ಅರ್ಥ. ಈ ಸ್ವರ ಹೇಗೆ ಶುರುವಾಗಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಮುಗಿಯಬೇಕು.

ನಮ್ಮ ಕಡೆ ಇದೇನು ಹೊಸದಲ್ಲ. ಜಾತ್ರೆಯಲ್ಲಿ ಗೀಗೀ ಪದ ಕೇಳಿದವರಿಗೆ ಗೊತ್ತು. ದಪ್ಪು ಬಾರಿಸುತ್ತ ಮುಂದಿನವರು ಪದ ಹೇಳಿದರೆ, ಹಿಂದಿನ ಮೇಳದವರು ತುಂತುಣಿ, ತಾಳ ಹಿಡಿದು "ಗೀ ಗೀ" ಅಂತ ದನಿ ಎತ್ತುತ್ತಾರೆ. ಆ 'ಗೀ' ಇಲ್ಲದಿದ್ದರೆ ಪದಕ್ಕೆ ಬೀಸು ಬರುವುದಿಲ್ಲ.

ಇನ್ನು ಕೇಳಿ ಕಲಿಯುವ ಮಾತು. ಇದಕ್ಕೆ ನಮ್ಮೂರಿನ ಪಕ್ಕದಲ್ಲೇ ದೊಡ್ಡ ಉದಾಹರಣೆ ಇದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಅನ್ನುವ ಹುಡುಗ ಹುಟ್ಟಿದ. ಚಿಕ್ಕವನಿದ್ದಾಗಲೇ ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆ ಕೇಳಿ, ಅವರು ಹಾಡಿದ ಹಾಗೇ ಹಾಡಿಬಿಡುತ್ತಿದ್ದ. ಕೇಳಿದವರು ದಂಗಾದರು, ಗಂಧರ್ವ ಅಂತ ಕರೆದರು. ಅವರೇ ಕುಮಾರ ಗಂಧರ್ವ. ಮುಂದೆ 1936ರ ಹೊತ್ತಿಗೆ ಮುಂಬೈಯಲ್ಲಿ ಬಿ. ಆರ್. ದೇವಧರ್ ಅವರ ಬಳಿ ಸೇರಿ ಕಲಿತರು. ಕೊನೆಗೆ ಅವರು ಹಾಡಿದ್ದು ಯಾರ ಹಾಗೂ ಇರಲಿಲ್ಲ. ಮೊದಲು ನಕಲು, ಆಮೇಲೆ ತನ್ನದು. ಟ್ರಂಪೆಟ್ ವಾದಕ ಕ್ಲಾರ್ಕ್ ಟೆರ್ರಿ ಶಿಷ್ಯರಿಗೆ ಹೇಳುತ್ತಿದ್ದ ದಾರಿಯೂ ಇದೇ. ಮೊದಲು ಅನುಕರಿಸು, ಆಮೇಲೆ ಮೈಗೂಡಿಸಿಕೋ, ಆಮೇಲೆ ಹೊಸದು ಮಾಡು. ಈ ಕ್ಲಾರ್ಕ್ ಟೆರ್ರಿ 1964ರಲ್ಲಿ ಪಿಯಾನೋ ವಾದಕ ಆಸ್ಕರ್ ಪೀಟರ್ಸನ್ ಜೊತೆ 'ಮಂಬಲ್ಸ್' ಅಂತ ಒಂದು ಹಾಡಿದ್ದಾರೆ. ಎಲೆ ಅಡಿಕೆ ತುಂಬಿದ ಬಾಯಲ್ಲಿ ಕಟ್ಟೆ ಮೇಲಿನ ಅಜ್ಜ ಏನೋ ಗೊಣಗುತ್ತಾನಲ್ಲ, ಥೇಟ್ ಹಾಗೆ. ಒಂದು ಪದ ತಿಳಿಯುವುದಿಲ್ಲ, ಮಾತಿನ ಏರಿಳಿತ ಮಾತ್ರ ಪೂರ್ತಿ ತಿಳಿಯುತ್ತದೆ. ನಮ್ಮ ಹುಡುಗಿ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. ಸ್ಕ್ಯಾಟ್ ಬಗ್ಗೆ ಇದ್ದ ಸಂಕೋಚ ಅವತ್ತೇ ಅರ್ಧ ಹೋಯಿತು.

ಹಾಗಾದರೆ ಯಾರಿಂದ ಶುರು ಮಾಡುವುದು? ಎಲ್ಲಾ ಫಿಟ್ಸ್‌ಜೆರಾಲ್ಡ್ ಅವರಿಂದ ಬೇಡ. ಈ ತಪ್ಪು ನಾವೂ ಮಾಡಿದೆವು. ಬರ್ಲಿನ್ ರೆಕಾರ್ಡಿಂಗ್‌ನ ವೇಗಕ್ಕೆ ನಾಲಿಗೆ ಹೊರಳುವುದಿಲ್ಲ, ಎರಡನೇ ದಿನಕ್ಕೇ ಬೇಜಾರು ಬರುತ್ತದೆ. ನಾನು ಈಗ ಯಾರು ಕೇಳಿದರೂ ಹೇಳುವುದು ಆರ್ಮ್‌ಸ್ಟ್ರಾಂಗ್ ಅವರ 1928ರ 'ವೆಸ್ಟ್ ಎಂಡ್ ಬ್ಲೂಸ್'. ಮೂರೂಕಾಲು ನಿಮಿಷದ ರೆಕಾರ್ಡ್. ನಡುವೆ ಜಿಮ್ಮಿ ಸ್ಟ್ರಾಂಗ್ ಕ್ಲಾರಿನೆಟ್‌ನಲ್ಲಿ ಒಂದು ಮಾತು ಅನ್ನುತ್ತಾರೆ, ಆರ್ಮ್‌ಸ್ಟ್ರಾಂಗ್ ಗಂಟಲಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ನಿಧಾನ, ಮೆತ್ತಗೆ, ಅಕ್ಕರೆಯಿಂದ. ನಾಲ್ಕು ಸಲ ಕೇಳಿದರೆ ಐದನೇ ಸಲ ಬಾಯಿ ತಾನೇ ಸೇರಿಕೊಳ್ಳುತ್ತದೆ.

ಆಮೇಲೆ ಚೆಟ್ ಬೇಕರ್. 1958ರ 'ಇಟ್ ಕುಡ್ ಹ್ಯಾಪನ್ ಟು ಯೂ' ಆಲ್ಬಮ್. ಇವರೂ ಟ್ರಂಪೆಟ್‌ನವರೇ. ದನಿ ಚಿಕ್ಕದು, ಎತ್ತರಕ್ಕೆ ಹೋಗುವುದಿಲ್ಲ, ಅಬ್ಬರವಿಲ್ಲ. ಒಂದೊಂದು ಸಾಲೂ ಬರೆದಿಟ್ಟ ಹಾಗೆ ಸ್ಪಷ್ಟ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಸಾರಾ ವಾನ್ ಅವರ 1954ರ 'ಶೂಲಿ ಎ ಬಾಪ್' ಆಮೇಲಿನದು. ಅದರಲ್ಲಿ ನಡುನಡುವೆ ತಮ್ಮ ಪಿಯಾನೋ, ಬಾಸ್, ಡ್ರಮ್ಸ್‌ನವರ ಹೆಸರು ಕೂಗಿ ಅವರಿಗೆ ಜಾಗ ಬಿಡುತ್ತಾರೆ. ಅಕ್ಷರಗಳಲ್ಲಿ 'ಶ' ಜಾಸ್ತಿ, ಅಂಚು ನುಣುಪು. ಅನಿತಾ ಓ'ಡೇ ಅವರದು ಇದಕ್ಕೆ ವಿರುದ್ಧ. ಚಿಕ್ಕವರಿದ್ದಾಗ ಟಾನ್ಸಿಲ್ ಆಪರೇಷನ್‌ನಲ್ಲಿ ಕಿರುನಾಲಿಗೆಯೇ ಹೋಗಿತ್ತು, ಅದಕ್ಕೇ ಸ್ವರ ಎಳೆದು ನಡುಗಿಸಲು ಆಗುತ್ತಿರಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಹಾಗಾಗಿ ಎಲ್ಲವನ್ನೂ ತುಂಡು ತುಂಡು ಸ್ವರ ಮಾಡಿ ಹಾಡಿದರು. ಇದ್ದ ಕೊರತೆಯೇ ಶೈಲಿ ಆಯಿತು. ಬೆಟ್ಟಿ ಕಾರ್ಟರ್, ಬಾಬಿ ಮೆಕ್‌ಫೆರಿನ್ ಎಲ್ಲ ಆಮೇಲೆ ಕೇಳಿದರಾಯಿತು, ಅವಸರವಿಲ್ಲ.

ಈಗ ಕೇಳುವುದು ಅಂದರೆ ಏನು ಅನ್ನುವುದಕ್ಕೆ ಬರೋಣ. ಅಡುಗೆ ಮಾಡುತ್ತ ಹಿಂದೆ ಹಾಡು ಹಚ್ಚುವುದಲ್ಲ. ನಾವು ಮಾಡಿದ್ದು ಹೀಗೆ. ಬೇಕರ್ ಅವರ ಒಂದೇ ಒಂದು ಸಾಲು ತಗೊಂಡೆವು, ನಾಲ್ಕೈದು ಸೆಕೆಂಡಿನದು. ಮೊಬೈಲ್‌ನಲ್ಲಿ ವೇಗ 0.75ಕ್ಕೆ ಇಟ್ಟೆವು. ಈಗಿನ ಆ್ಯಪ್‌ಗಳಲ್ಲಿ ವೇಗ ತಗ್ಗಿಸಿದರೂ ಶ್ರುತಿ ಇಳಿಯುವುದಿಲ್ಲ, ಅದು ದೊಡ್ಡ ಅನುಕೂಲ. ಮೊದಲು ಬಾಯಿ ಮುಚ್ಚಿ ಬರೀ ಗುನುಗುವುದು. ಸ್ವರ ಸರಿ ಬಂದ ಮೇಲೆ ಸ್ವರ ಬಿಟ್ಟು, ಒಂದೇ 'ದ'ಕಾರದಲ್ಲಿ ಲಯ ಮಾತ್ರ ಹೇಳುವುದು. ಇದು ಬಹಳ ಜನ ಬಿಡುವ ಹೆಜ್ಜೆ, ನನ್ನ ಪ್ರಕಾರ ಇದೇ ಮುಖ್ಯ. ಆಮೇಲೆ ಅಕ್ಷರ. ಕಿವಿಗೆ ಕೇಳಿದ್ದನ್ನು ಕನ್ನಡದಲ್ಲೇ ಬರೆದುಕೊಂಡೆವು. ಇದಕ್ಕೆ ಕನ್ನಡ ಲಿಪಿ ಇಂಗ್ಲಿಷಿಗಿಂತ ವಾಸಿ. ದೀರ್ಘ, ಹ್ರಸ್ವ, ಒತ್ತು ಎಲ್ಲ ಒಂದೇ ನೋಟಕ್ಕೆ ಕಾಣುತ್ತವೆ. ಬರೆದುಕೊಂಡದ್ದನ್ನು ಕೊನೆಗೆ ಹರಿದು ಹಾಕಬೇಕು. ಇಲ್ಲದಿದ್ದರೆ ಕಣ್ಣಿಂದ ಹಾಡುತ್ತೇವೆ.

ಬರೆದಾಗಲೇ ನಮ್ಮ ಮೊದಲ ತೊಡಕು ಸಿಕ್ಕಿದ್ದು. ನಾನು ಅಭ್ಯಾಸಕ್ಕೆ ಅಂತ ಒಂದು ಸಾಲು ಕಟ್ಟಿಕೊಟ್ಟಿದ್ದೆ: ದೂಬಾ ದೂಬಾ ದ್ಲೀಯಾ ದಾಪ್. ಹುಡುಗಿ ಹಾಡಿದಳು: ದೂಬಾ ದೂಬಾ ದಲೀಯಾ ದಾಪು.

"ದಾಪು ಅಲ್ಲ, ದಾಪ್."

"ದಾಪು."

ಕನ್ನಡದ ಬಾಯಿ ಹೀಗೆಯೇ. ಬಸ್ ನಮಗೆ ಬಸ್ಸು, ಕಾರ್ ನಮಗೆ ಕಾರು. ಪದ ಮುಗಿಯುವಾಗ ಒಂದು ಸ್ವರಾಕ್ಷರ ಇಟ್ಟು ಬಾಗಿಲು ತೆರೆದೇ ಬಿಡುತ್ತೇವೆ. ಜಾಝ್‌ನಲ್ಲಿ ಆ ಬಾಗಿಲು ದಪ್ ಅಂತ ಮುಚ್ಚಬೇಕು. 'ಪ್' ಅಂದಾಗ ತುಟಿ ಸೇರುತ್ತದೆ, ಗಾಳಿ ನಿಲ್ಲುತ್ತದೆ, ಅಲ್ಲಿಂದ ಮುಂದೆ ಮೌನ. ಆ ಮೌನವೇ ಮುಂದಿನ ಸ್ವರಕ್ಕೆ ಜಿಗಿಯುವ ಹಲಗೆ. 'ದಾಪು' ಅಂದರೆ ಆ ಮೌನದಲ್ಲಿ ಒಂದು 'ಉ' ಬಂದು ಕೂರುತ್ತದೆ, ಲಯ ಜೋತು ಬೀಳುತ್ತದೆ. ತುಟಿ ಮುಚ್ಚಿದ ಮೇಲೆ ಒಂದು ಎಣಿಕೆ ತೆರೆಯಲೇಬೇಡ ಅಂತ ಹೇಳಿ ಹೇಳಿ ಎರಡು ವಾರ ಹಿಡಿಯಿತು.

ಉಳಿದ ಅಕ್ಷರಗಳಿಗೂ ಇಂಥ ಒಂದೊಂದು ಕೆಲಸ ಇದೆ. 'ದ' ಶುರುವನ್ನು ಸ್ಪಷ್ಟ ಮಾಡುತ್ತದೆ. 'ಬ' ತುಸು ಮೆತ್ತಗೆ. 'ವ', 'ಲ', 'ಯ' ಬಂದರೆ ಎರಡು ಸ್ವರ ಅಂಟಿಕೊಳ್ಳುತ್ತವೆ. ಮೇಲಿನ ಸ್ವರಕ್ಕೆ 'ಈ' ಹಗುರ, ಕೆಳಗಿನ ಸ್ವರಕ್ಕೆ 'ಊ', 'ಓ' ಒಗ್ಗುತ್ತದೆ. ಒಂದೇ ಅಕ್ಷರವನ್ನು ಗಿರಣಿ ಹಾಗೆ ತಿರುಗಿಸಿದರೆ ಎರಡು ನಿಮಿಷಕ್ಕೆ ಸಾಕಾಗುತ್ತದೆ. "ಶೂಬಿ ಡೂಬಿ" ಅಂತ ಸಿನಿಮಾ ಶೈಲಿಯಲ್ಲಿ ಸುಮ್ನೆ ಹೇಳುತ್ತ ಹೋಗುವವರ ಸಮಸ್ಯೆ ಇದೇ.

ಎರಡನೇ ತೊಡಕು ಚಪ್ಪಾಳೆಯದು. ನಮಗೆ ಸಮ್ ದೊಡ್ಡದು. ಒಂದನೇ ಮಾತ್ರೆಗೆ ಕೈ ತಾನಾಗಿ ಬೀಳುತ್ತದೆ, ತಲೆ ತೂಗುತ್ತದೆ, ಬಾಯಿ "ವಾಹ್" ಅನ್ನುತ್ತದೆ. ಜಾಝ್‌ನಲ್ಲಿ ನಾಲ್ಕು ಎಣಿಸಿದರೆ ಚಪ್ಪಾಳೆ ಎರಡಕ್ಕೆ ಮತ್ತು ನಾಲ್ಕಕ್ಕೆ. ಒಂದಕ್ಕೆ ಹೊಡೆದರೆ ಜಟಕಾ ಬಂಡಿ ಹಳ್ಳಕ್ಕೆ ಇಳಿದ ಹಾಗೆ ಆಗುತ್ತದೆ. ಇದರ ಜೊತೆಗೆ ಸ್ವಿಂಗ್ ಅನ್ನುವ ನಡೆ. ಒಂದು ಮಾತ್ರೆಯಲ್ಲಿ ಎರಡು ಸ್ವರ ಬಂದರೆ ಅವು ಸಮ ಪಾಲು ಅಲ್ಲ. ತ-ಕಿ-ಟ ಅಂತ ಮೂರು ಹೇಳಿ, 'ಕಿ' ನುಂಗಿಬಿಡಿ. ತ...ಟ, ತ...ಟ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ, ಆದರೆ ಒತ್ತು ಬೀಳುವುದು ಹೆಚ್ಚಾಗಿ ಆ ಗಿಡ್ಡದರ ಮೇಲೆ. ವೇಗ ಏರಿದ ಹಾಗೆ ಈ ಅಂತರ ಕಮ್ಮಿಯಾಗುತ್ತ ಹೋಗುತ್ತದೆ. ಲೆಕ್ಕ ಇಷ್ಟೇ, ಆದರೆ ಲೆಕ್ಕದಿಂದ ಬರುವುದಿಲ್ಲ. ರೆಕಾರ್ಡಿನ ಜೊತೆ ಜೊತೆಗೇ ಹಾಡಿ ಹಾಡಿ ಬರಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ತಂಬೂರಿ ಕೇಳಿ ಬೆಳೆದ ಕಿವಿಗೆ ಷಡ್ಜ, ಅಂದರೆ ಸ, ನೆಲ ಇದ್ದ ಹಾಗೆ. ಅದು ಅಲುಗುವುದಿಲ್ಲ. ಜಾಝ್‌ನಲ್ಲಿ ಕೆಳಗಿನ ನೆಲವೇ ಸರಿಯುತ್ತದೆ. ಪಿಯಾನೋದವರು ಒಟ್ಟಿಗೆ ಒತ್ತುವ ಸ್ವರಗಳ ಗುಂಪಿಗೆ ಕಾರ್ಡ್ ಅನ್ನುತ್ತಾರಲ್ಲ, ಅದು ಬದಲಾದ ತಕ್ಷಣ ಯಾವ ಸ್ವರ ಮನೆ, ಯಾವುದು ಹೊರಗಿನದು ಅನ್ನುವುದೂ ಬದಲಾಗುತ್ತದೆ. 'ಹೌ ಹೈ ದ ಮೂನ್' ಅನ್ನೇ ತಗೊಳ್ಳಿ. ಮೊದಲ ಒಂಬತ್ತು ಬಾರ್ (ನಾಲ್ಕು ಮಾತ್ರೆಯ ಒಂದೊಂದು ತುಂಡು) ಆಗುವಷ್ಟರಲ್ಲಿ ಷಡ್ಜ ಎರಡು ಸಲ, ಒಂದೊಂದು ಪೂರ್ತಿ ಸ್ವರ ಕೆಳಗೆ ಇಳಿದಿರುತ್ತದೆ. ಅಂಥ ನೆಲದ ಮೇಲೆ ಆ ವೇಗದಲ್ಲಿ ಎಲ್ಲಾ ಫಿಟ್ಸ್‌ಜೆರಾಲ್ಡ್ ಓಡಾಡುತ್ತಾರೆ. ನಡುವೆ ಅದೇ ಕಾರ್ಡ್‌ಗಳ ಮೇಲೆ ಕಟ್ಟಿದ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರ 'ಆರ್ನಿಥಾಲಜಿ' ಧಾಟಿಯನ್ನೂ ಸೇರಿಸಿಬಿಡುತ್ತಾರೆ. ಬ್ಯಾಂಡಿನ ಟ್ರಂಪೆಟ್, ಸ್ಯಾಕ್ಸೊಫೋನ್ ಏನು ಮಾಡುತ್ತವೋ ಅದನ್ನು ಗಂಟಲಲ್ಲಿ ಮಾಡಲು ಹೋಗಿ ಅವರು ಕಲಿತದ್ದು ಇದು. 1940ರ ದಶಕದಲ್ಲಿ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಬ್ಯಾಂಡಿನ ಜೊತೆ ಊರೂರು ತಿರುಗಿದ್ದು ಅವರಿಗೆ ದೊಡ್ಡ ಪಾಠಶಾಲೆ ಆಯಿತು.

ನಮಗೆ ಅಷ್ಟು ದೂರ ಬೇಡ. ಹನ್ನೆರಡು ಬಾರಿನ ಬ್ಲೂಸ್ ಅನ್ನುವ ಸರಳ ಹಾಡಿನ ಕಟ್ಟು ಸಾಕು. ಇದನ್ನು ನಮ್ಮ ಲೆಕ್ಕಕ್ಕೆ ಇಳಿಸಿದರೆ ಆಶ್ಚರ್ಯ ಆಗುವಷ್ಟು ಸರಳ. ಒಂದು ಬಾರ್‌ಗೆ 4 ಮಾತ್ರೆ. 12 ಬಾರ್‌ಗೆ 48. ಅಂದರೆ ಹದಿನಾರು ಮಾತ್ರೆಯ ತೀನತಾಲದ ಸರಿಯಾಗಿ ಮೂರು ಆವರ್ತನ! ಮೊದಲ ಆವರ್ತನ ಪೂರ್ತಿ ಸ ಮೇಲಿನ ಕಾರ್ಡ್. ಎರಡನೆಯದರಲ್ಲಿ ಅರ್ಧ ಮ ಮೇಲಿನದು, ಅರ್ಧ ಮತ್ತೆ ಸ. ಮೂರನೆಯದರಲ್ಲಿ ಒಂದು ಬಾರ್ ಪ, ಒಂದು ಬಾರ್ ಮ, ಉಳಿದ ಎರಡು ಸ. ಇನ್ನೂ ಕೆಲವು ಪಾಠಾಂತರಗಳಿವೆ, ಸದ್ಯಕ್ಕೆ ಇದು ಸಾಕು. ಹಾರ್ಮೋನಿಯಂ ಇದ್ದರೆ ನೀವೇ ನೋಡಬಹುದು. ಸ ಕಾರ್ಡ್‌ಗೆ ಸ, ಶುದ್ಧ ಗ, ಪ, ಕೋಮಲ (ಅರ್ಧ ಸ್ವರ ತಗ್ಗಿದ) ನಿ ಒಟ್ಟಿಗೆ ಒತ್ತಿ. ಮ ಕಾರ್ಡ್‌ಗೆ ಮ, ಶುದ್ಧ ಧ, ಮೇಲಿನ ಸ, ಮೇಲಿನ ಕೋಮಲ ಗ.

ಈಗ ಆ ಗಂಧಾರವನ್ನು, ಅಂದರೆ ಗ ಸ್ವರವನ್ನು ನೋಡಿ. ಮೊದಲ ನಾಲ್ಕು ಬಾರ್ ಶುದ್ಧ ಗಂಧಾರ ಮನೆಯವನು. ಐದನೇ ಬಾರ್‌ನಲ್ಲಿ ಕಾರ್ಡ್ ಬದಲಾದ ಕ್ಷಣ ಅವನು ಪರಕೀಯ, ಕೋಮಲ ಗಂಧಾರ ಮನೆಯವನು. ಹಾಗಾಗಿ ನಾಲ್ಕು ಬಾರ್ ಶುದ್ಧ ಗ ಹಿಡಿದು ಕೂತು, ಐದನೆಯದರ ಒಂದನೇ ಮಾತ್ರೆಗೆ ಸರಿಯಾಗಿ ಅರ್ಧ ಸ್ವರ ಇಳಿಯಬೇಕು. ಒಂದೇ ಸ್ವರ, ಒಂದೇ ಇಳಿತ. ಆದರೆ ಕೇಳುವವರಿಗೆ ಈ ಹಾಡುಗಾರರಿಗೆ ಕಾರ್ಡ್ ಗೊತ್ತಿದೆ ಅನ್ನುವುದು ತಿಳಿದುಹೋಗುತ್ತದೆ. ನಾವು ವಾರಗಟ್ಟಲೆ ಇದೊಂದನ್ನೇ ಮಾಡಿದೆವು.

ಇನ್ನೊಂದು ದಾರಿ ಧಾನಿ ರಾಗದ್ದು. ಸ, ಕೋಮಲ ಗ, ಮ, ಪ, ಕೋಮಲ ನಿ. ಇದರಲ್ಲಿ ಮ, ಪ ನಡುವೆ ತೀವ್ರ (ಅರ್ಧ ಸ್ವರ ಏರಿದ) ಮ ಸೇರಿಸಿದರೆ ಅವರು ಬ್ಲೂಸ್ ಸ್ಕೇಲ್ ಅನ್ನುವುದು ಸಿಗುತ್ತದೆ. ಸ ಕಾರ್ಡ್‌ನ ಶುದ್ಧ ಗಂಧಾರಕ್ಕೆ ಮೇಲಿನ ಕೋಮಲ ಗಂಧಾರ ಉಜ್ಜುತ್ತದೆ. ಆ ಉಜ್ಜಾಟವೇ ಬ್ಲೂಸ್‌ನ ರುಚಿ. ನಾನು ಮೊದಲು ಇದನ್ನು ಕಂಡುಕೊಂಡಾಗ ಗೆದ್ದೆ ಅಂದುಕೊಂಡು, ಸಿಕ್ಕ ಸಿಕ್ಕ ಜಾಝ್ ಹಾಡಿನ ಮೇಲೆಲ್ಲ ಧಾನಿ ಹಾಡುತ್ತಿದ್ದೆ. ಬ್ಲೂಸ್‌ಗೆ ನಡೆಯುತ್ತದೆ. ಷಡ್ಜ ಸರಿಯುವ ಹಾಡಿನಲ್ಲಿ ನಡೆಯುವುದಿಲ್ಲ. ಮೀಂಡ್ ಕೂಡ ಹಾಗೇ. ನಮ್ಮ ಗಂಟಲು ಪ್ರತಿ ಸ್ವರದಿಂದ ಮುಂದಿನದಕ್ಕೆ ಜಾರಲು ನೋಡುತ್ತದೆ. ಇಲ್ಲಿ ಹೆಚ್ಚಿನ ಸ್ವರಗಳನ್ನು ನಾಲಿಗೆಯಿಂದ ಬಿಡಿಸಿ ಇಡಬೇಕು, ಜಾರುವುದನ್ನು ಅಪರೂಪಕ್ಕೆ ಇಟ್ಟುಕೊಳ್ಳಬೇಕು, ಊಟದಲ್ಲಿ ಉಪ್ಪಿನಕಾಯಿ ಇದ್ದ ಹಾಗೆ.

ನಕಲಿನಿಂದ ಸ್ವಂತಕ್ಕೆ ದಾಟುವುದು ಯಾವಾಗ? ನಾಲ್ಕೈದು ಸಾಲು ಬಾಯಿಗೆ ಬಂದ ಮೇಲೆ ಕಾಯಬೇಡಿ. ಎರಡೇ ಸ್ವರದಿಂದ ಶುರು ಮಾಡಿ. ಡ್ಯೂಕ್ ಎಲಿಂಗ್ಟನ್ ಅವರ 'ಸಿ ಜಾಮ್ ಬ್ಲೂಸ್' ಧಾಟಿಯಲ್ಲಿ ಇರುವುದೇ ಎರಡು ಸ್ವರ, ಪ ಮತ್ತು ಸ. ಅಷ್ಟರ ಮೇಲೆ ಇಡೀ ಬ್ಲೂಸ್ ನಿಂತಿದೆ. ಎಲ್ಲಾ ಫಿಟ್ಸ್‌ಜೆರಾಲ್ಡ್ 1972ರಲ್ಲಿ ಸಾಂಟಾ ಮೋನಿಕಾದಲ್ಲಿ ಇದನ್ನೇ ಹಾಡಿದ್ದಾರೆ. ಸ್ಟಾನ್ ಗೆಟ್ಸ್, ರಾಯ್ ಎಲ್ಡ್ರಿಜ್, ಹ್ಯಾರಿ ಎಡಿಸನ್ ಅಂಥ ಘಟಾನುಘಟಿ ವಾದ್ಯದವರು ಒಬ್ಬೊಬ್ಬರಾಗಿ ಬಂದು ಅವರ ಜೊತೆ ಸವಾಲು ಜವಾಬು ನಡೆಸುತ್ತಾರೆ. ಅವರು ನಾಲ್ಕು ಬಾರ್ ಊದಿದರೆ ಈಕೆ ನಾಲ್ಕು ಬಾರ್ ಹಾಡುತ್ತಾರೆ. ಊದಿದವರ ಕೊನೆಯ ತುಣುಕನ್ನು ಹಿಡಿದು, ಅವರದೇ ವಾದ್ಯದ ದನಿಯಲ್ಲಿ ತಿರುಗಿಸಿ ಕೊಡುತ್ತಾರೆ. ಟ್ರೊಂಬೋನಿಗೆ ಟ್ರೊಂಬೋನ್, ಸ್ಯಾಕ್ಸಿಗೆ ಸ್ಯಾಕ್ಸ್. ಕೇಳುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ರೆಕಾರ್ಡಿಂಗ್ ಹಚ್ಚುತ್ತೇನೆ.

ಮೊನ್ನೆ ಮತ್ತೆ ಮಳೆ. ಹಾರ್ಮೋನಿಯಂ ತೆಗೆದು, ಬಿಳಿ ಒಂದನ್ನು ಸ ಮಾಡಿಕೊಂಡು ನಾವೂ ಅದೇ ಆಟ ಆಡಿದೆವು. ಒಂದು ಸುತ್ತು ನಾನು ಸಣ್ಣ ಧಾಟಿ ನುಡಿಸುವುದು, ಮುಂದಿನ ಸುತ್ತು ಅವಳು ಹಾಡುವುದು. ಅವಳು ಹಾಡುವಾಗ ನಾನು ಬರೀ ಕಾರ್ಡ್ ಹಿಡಿಯಬೇಕು. ದೂಬಾ ದೂಬಾ ದ್ಲೀಯಾ ದಾಪ್. ಬಾಗಿಲು ಮುಚ್ಚಿತು, 'ಉ' ಇಲ್ಲ. ನಾನು ಖುಷಿಯಲ್ಲಿ ಅದನ್ನೇ ಕೇಳುತ್ತ ಕೂತೆ. ಐದನೇ ಬಾರ್ ಬಂತು. ಅವಳ ಗಂಧಾರ ತಾನಾಗಿ ಅರ್ಧ ಸ್ವರ ಇಳಿಯಿತು. ನನ್ನ ಬೆರಳು ಇನ್ನೂ ಸ ಮೇಲೆಯೇ ಇತ್ತು.

"ಮಾಮಾ, 'ಮ'ಕ್ಕ ಹೋಗ್ರಿ!"